ಬೀಗ ಕೆಟ್ಟರೆ ಕಾಗದ ಕೆಡುವುದಿಲ್ಲ



ಈ ವಾರದ ಪ್ರಶ್ನೆ ಬೆಂಗಳೂರಿನ ಅಮೃತಹಳ್ಳಿಯಿಂದ ಬಂದಿದೆ. ಕೇಳಿದವಳು ಏಳನೇ ತರಗತಿಯ ಹುಡುಗಿ. ಅವಳ ತಾತ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಥಂಡರ್‌ಬರ್ಡ್ ಎಂಬ ಇಮೇಲ್ ಪ್ರೋಗ್ರಾಮ್ ಬಳಸುತ್ತಾರೆ. ನಾಲ್ಕು ದಿನದಿಂದ ಅದು ತೆರೆಯುತ್ತಿಲ್ಲ. ಚಿತ್ರದ ಮೇಲೆ ಎಷ್ಟು ಸಲ ಒತ್ತಿದರೂ ಒಂದು ಸಣ್ಣ ಸಂದೇಶ ಬಂದು ನಿಲ್ಲುತ್ತದೆ, ಅಷ್ಟೇ. ರಿಪೇರಿಗೆ ಬಂದವರು ನೋಡಿ, ಎಲ್ಲವನ್ನೂ ಫಾರ್ಮ್ಯಾಟ್ ಮಾಡಿಬಿಡೋಣ ಎಂದರಂತೆ. ಆದರೆ ತೀರಿಕೊಂಡ ಅಜ್ಜಿ, ಅಮೆರಿಕದಲ್ಲಿರುವ ದೊಡ್ಡಪ್ಪನಿಗೆ ವರ್ಷಾನುಗಟ್ಟಲೆ ಬರೆದ ಕಾಗದಗಳು ಅದರೊಳಗಿವೆ. ಫಾರ್ಮ್ಯಾಟ್ ಮಾಡಿದರೆ ಅವೂ ಹೋಗುತ್ತವೆಯೇ ಎಂದು ಅವಳು ಕೇಳಿದ್ದಾಳೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹೌದು, ಹೋಗಬಹುದು. ಆದ್ದರಿಂದ ಸದ್ಯಕ್ಕೆ ಫಾರ್ಮ್ಯಾಟ್ ಬೇಡವೇ ಬೇಡ. ಪ್ರೋಗ್ರಾಮ್ ತೆರೆಯದಿರುವುದು ಬೇರೆ, ಕಾಗದ ಕಳೆಯುವುದು ಬೇರೆ. ಮೊದಲನೆಯದು ಆಗಿದೆ. ಎರಡನೆಯದು ಇನ್ನೂ ಆಗಿಲ್ಲ. ಆಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಬೀರು ಮತ್ತು ಬೀಗ

ಮನೆಯ ಬೀರುವಿನ ಬೀಗ ಕೆಟ್ಟು ಬಾಗಿಲು ತೆರೆಯದಿದ್ದರೆ ನಾವು ಬೀರುವಿಗೆ ಬೆಂಕಿ ಹಚ್ಚುತ್ತೇವೆಯೇ? ಒಳಗಿನ ಸೀರೆ, ಪತ್ರ, ಫೋಟೋ ಎಲ್ಲ ಇದ್ದಲ್ಲೇ ಇರುತ್ತವೆ. ಬೀಗದವನನ್ನು ಕರೆಸುತ್ತೇವೆ, ಇಲ್ಲವೇ ಹಿಂದಿನ ಹಲಗೆ ಬಿಚ್ಚುತ್ತೇವೆ.

ಇಮೇಲ್ ಪ್ರೋಗ್ರಾಮೂ ಹಾಗೆಯೇ. ಥಂಡರ್‌ಬರ್ಡ್ ಎಂದರೆ ಬಾಗಿಲು ಮತ್ತು ಬೀಗ. ಅದು ಮೊಜಿಲ್ಲಾ ಬಳಗದ ಉಚಿತ ಪ್ರೋಗ್ರಾಮ್. ಅದರ ಮೊದಲ ಪೂರ್ಣ ಆವೃತ್ತಿ ಬಂದದ್ದು 2004ರ ಡಿಸೆಂಬರ್‌ನಲ್ಲಿ. ಪ್ರೋಗ್ರಾಮ್ ಇರುವುದು ಡಿಸ್ಕಿನ ಒಂದು ಜಾಗದಲ್ಲಿ, ಕಾಗದಗಳಿರುವುದು ‘ಪ್ರೊಫೈಲ್’ ಎಂಬ ಬೇರೆಯೇ ಫೋಲ್ಡರಿನಲ್ಲಿ. ಪ್ರೋಗ್ರಾಮನ್ನು ತೆಗೆದು ಮತ್ತೆ ಹಾಕಿದರೂ ಸಾಮಾನ್ಯವಾಗಿ ಆ ಫೋಲ್ಡರ್ ಹಾಗೆಯೇ ಉಳಿಯುತ್ತದೆ. ಆದರೆ ಫಾರ್ಮ್ಯಾಟ್ ಮಾಡಿದರೆ ಬೀಗದ ಜೊತೆ ಬೀರುವೂ ಹೋಗುತ್ತದೆ.

ಕಾಗದ ಇರುವುದು ಎಲ್ಲಿ?

ಇಮೇಲ್ ತರಿಸಿಕೊಳ್ಳಲು ಎರಡು ಮುಖ್ಯ ಪದ್ಧತಿಗಳಿವೆ. ಒಂದರ ಹೆಸರು ಪಾಪ್, ಇನ್ನೊಂದರ ಹೆಸರು ಐಮ್ಯಾಪ್.

ಪಾಪ್ ಎಂದರೆ ಅಂಚೆ ಕಚೇರಿಗೆ ಹೋಗಿ ಕಾಗದವನ್ನು ಮನೆಗೆ ತಂದಿಟ್ಟುಕೊಂಡಂತೆ. ತಂದ ಮೇಲೆ, ಅಥವಾ ಕೆಲವು ದಿನಗಳ ನಂತರ, ಅಂಚೆ ಕಚೇರಿಯಲ್ಲಿ ಅದರ ಪ್ರತಿ ಉಳಿಯದಂತೆ ಹೊಂದಿಸಿರುವುದುಂಟು. ಐಮ್ಯಾಪ್ ಎಂದರೆ ಮೂಲ ಕಾಗದ ಅಂಚೆ ಕಚೇರಿಯಲ್ಲೇ ಇದ್ದು, ಮನೆಯಲ್ಲಿ ಅದರ ನಕಲು ಕಂಡಂತೆ. ಐಮ್ಯಾಪ್ ಇದ್ದರೆ ಕಂಪ್ಯೂಟರ್ ಕೆಟ್ಟರೂ ಮೂಲ ಕಾಗದ ಸುರಕ್ಷಿತ.

ಅಜ್ಜಿಯ ಕಾಗದಗಳ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅವು ಬಂದ ಕಾಗದಗಳಲ್ಲ, ಕಳುಹಿಸಿದ ಕಾಗದಗಳು. ಪಾಪ್ ಪದ್ಧತಿಯ ಅನೇಕ ಹಳೆಯ ಖಾತೆಗಳಲ್ಲಿ, ಕಳುಹಿಸಿದ ಕಾಗದದ ಪ್ರತಿ ಆ ಒಂದು ಕಂಪ್ಯೂಟರಿನಲ್ಲಿ ಮಾತ್ರ ಇರುತ್ತದೆ. ಆದ್ದರಿಂದ ಮೊದಲ ಪರೀಕ್ಷೆ ಹೀಗಿರಲಿ: ತಾತ ಅಥವಾ ಅಪ್ಪ-ಅಮ್ಮ ಬ್ರೌಸರಿನಲ್ಲಿ ತಮ್ಮ ಇಮೇಲ್ ಸಂಸ್ಥೆಯ ಪುಟಕ್ಕೆ ಹೋಗಿ, ಪಾಸ್‌ವರ್ಡ್ ಹಾಕಿ, ‘ಸೆಂಟ್’ ವಿಭಾಗ ನೋಡಲಿ. ಅಜ್ಜಿಯ ಹಳೆಯ ಕಾಗದಗಳು ಅಲ್ಲಿ ಕಂಡರೆ ಅರ್ಧ ಚಿಂತೆ ಕಳೆಯಿತು. ಕಾಣದಿದ್ದರೆ ಮುಂದಿನ ಹೆಜ್ಜೆಗಳನ್ನು ಇನ್ನೂ ಎಚ್ಚರದಿಂದ ಇಡಬೇಕು. ದೊಡ್ಡಪ್ಪನಿಗೂ ಒಂದು ಫೋನ್ ಮಾಡಿ. ಅಜ್ಜಿ ಕಳುಹಿಸಿದ್ದು ಅವರ ‘ಇನ್‌ಬಾಕ್ಸ್’ನಲ್ಲಿ ಇರಬಹುದಲ್ಲವೇ?

ಕೆಲಸ ಹಂಚಿಕೊಳ್ಳಿ

ಈ ಕೆಲಸಕ್ಕೆ ಇಬ್ಬರು ಬೇಕು. ಮೌಸ್ ಮೊಮ್ಮಗಳ ಕೈಯಲ್ಲಿರಲಿ. ನೋಟ್‌ಬುಕ್ ಮತ್ತು ಪೆನ್ನು ತಾತನ ಕೈಯಲ್ಲಿರಲಿ. ಏನು ಮಾಡಿದೆವು, ಏನಾಯಿತು ಎಂದು ಸಾಲುಸಾಲಾಗಿ ಬರೆಯುತ್ತಾ ಹೋಗಿ. ಪರದೆಯ ಮೇಲೆ ಸಂದೇಶ ಬಂದರೆ ಅದನ್ನು ಮುಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ‘ಏನೋ ಎರರ್ ಬಂತು’ ಎಂದರೆ ವೈದ್ಯರಿಗೆ ‘ಎಲ್ಲೋ ನೋವು’ ಎಂದು ಹೇಳಿದಂತೆ. ಸಂದೇಶದ ಮಾತುಗಳಲ್ಲೇ ಎಷ್ಟೋ ಸಲ ಉತ್ತರವಿರುತ್ತದೆ.

ಮಕ್ಕಳೇ, ನಿಮ್ಮ ಬೆರಳು ಬಹಳ ವೇಗ. ಇವತ್ತು ಮಾತ್ರ ನಿಧಾನ. ತಾತ ಓದಿ ಮುಗಿಸುವವರೆಗೆ ‘ಓಕೆ’ ಒತ್ತಬಾರದು.

ಹೆಜ್ಜೆ ಒಂದು: ಒಳಗೆ ಯಾರೋ ಇದ್ದಾರೆಯೇ?

ಥಂಡರ್‌ಬರ್ಡ್ ತೆರೆಯದಿದ್ದಾಗ ಹೆಚ್ಚಾಗಿ ಕಾಣುವ ಸಂದೇಶದ ಅರ್ಥ ಹೀಗಿರುತ್ತದೆ: ‘ಥಂಡರ್‌ಬರ್ಡ್ ಈಗಾಗಲೇ ನಡೆಯುತ್ತಿದೆ, ಆದರೆ ಉತ್ತರ ಕೊಡುತ್ತಿಲ್ಲ.’ ಹಿಂದಿನ ಸಲ ಕಿಟಕಿ ಮುಚ್ಚಿದರೂ ಪ್ರೋಗ್ರಾಮ್ ಒಳಗೊಳಗೇ ಸಿಕ್ಕಿಹಾಕಿಕೊಂಡಿದೆ ಎಂದು ಇದರ ಅರ್ಥ. ಒಂದು ಪ್ರೊಫೈಲನ್ನು ಒಂದೇ ಸಮಯಕ್ಕೆ ಇಬ್ಬರು ತೆರೆದರೆ ಕಾಗದಗಳು ಗೋಜಲಾಗುತ್ತವೆ. ಅದಕ್ಕೇ ಒಬ್ಬರು ಒಳಗಿರುವಾಗ ಚಿಲಕ ಹಾಕಿರುತ್ತದೆ. ಬಚ್ಚಲು ಮನೆಯ ಚಿಲಕದಂತೆ!

ಪರಿಹಾರ ಸುಲಭ. ಕಂಪ್ಯೂಟರನ್ನು ‘ರೀಸ್ಟಾರ್ಟ್’ ಮಾಡಿ. ‘ಶಟ್ ಡೌನ್’ ಅಲ್ಲ, ‘ರೀಸ್ಟಾರ್ಟ್’. ಈಗಿನ ಅನೇಕ ವಿಂಡೋಸ್ ಕಂಪ್ಯೂಟರುಗಳು ಮರುದಿನ ಬೇಗ ಏಳಲೆಂದು ಶಟ್ ಡೌನ್ ಮಾಡಿದಾಗ ಕೆಲವು ವಿಷಯಗಳನ್ನು ನೆನಪಿನಲ್ಲಿ ಉಳಿಸಿಕೊಂಡೇ ಮಲಗುತ್ತವೆ. ರೀಸ್ಟಾರ್ಟ್ ಮಾಡಿದರೆ ಎಲ್ಲವನ್ನೂ ಹೊಸದಾಗಿ ಶುರು ಮಾಡುತ್ತವೆ.

ರೀಸ್ಟಾರ್ಟ್ ಮಾಡದೆಯೂ ನೋಡಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿ. ‘ಟಾಸ್ಕ್ ಮ್ಯಾನೇಜರ್’ ತೆರೆಯುತ್ತದೆ. ಅದು ತರಗತಿಯ ಹಾಜರಿ ಪುಸ್ತಕವಿದ್ದಂತೆ. ಯಾವ ಯಾವ ಪ್ರೋಗ್ರಾಮ್ ಒಳಗಿದೆ ಎಂದು ಹೇಳುತ್ತದೆ. ಥಂಡರ್‌ಬರ್ಡ್ ಹೆಸರು ಅಲ್ಲಿದ್ದರೆ ಅದರ ಮೇಲೆ ಒಂದು ಸಲ ಒತ್ತಿ, ‘ಎಂಡ್ ಟಾಸ್ಕ್’ ಕೊಡಿ. ನಂತರ ಮತ್ತೆ ತೆರೆದು ನೋಡಿ. ಎಷ್ಟೋ ಮನೆಗಳಲ್ಲಿ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ.

ಹೆಜ್ಜೆ ಎರಡು: ಜಾಗ ಇದೆಯೇ?

‘ದಿಸ್ ಪಿಸಿ’ ತೆರೆದು ಸಿ ಡ್ರೈವ್ ನೋಡಿ. ಅದರ ಪಟ್ಟಿ ಕೆಂಪಾಗಿದ್ದರೆ ಡಿಸ್ಕ್ ಬಹುತೇಕ ತುಂಬಿದೆ ಎಂದು ಅರ್ಥ. ಇಮೇಲ್ ಪ್ರೋಗ್ರಾಮಿಗೆ ಕೆಲಸ ಮಾಡಲು ಸ್ವಲ್ಪ ಖಾಲಿ ಜಾಗ ಬೇಕೇ ಬೇಕು. ‘ಡೌನ್‌ಲೋಡ್ಸ್’ ಫೋಲ್ಡರಿನಲ್ಲಿ ಒಂದೇ ಮದುವೆಯ ವಿಡಿಯೋ ಮೂರು ಸಲ ಇಳಿದಿರಬಹುದು. ಅಂಥವನ್ನು ತಾತನನ್ನು ಕೇಳಿ ತೆಗೆಯಿರಿ. ಏನೆಂದು ಗೊತ್ತಿಲ್ಲದ ಫೋಲ್ಡರನ್ನು ಮಾತ್ರ ಮುಟ್ಟಬೇಡಿ. ಜಾಗ ಮಾಡಲು ಹೋಗಿ ಕಾಗದದ ಫೋಲ್ಡರನ್ನೇ ಅಳಿಸಿಬಿಡುವ ಸಾಧ್ಯತೆ ಇದೆ.

ಹೆಜ್ಜೆ ಮೂರು: ಮೊದಲು ನಕಲು

ಇನ್ನೂ ತೆರೆಯದಿದ್ದರೆ ಮುಂದಿನ ಯಾವ ಪ್ರಯೋಗಕ್ಕೂ ಮೊದಲು ಪ್ರೊಫೈಲನ್ನು ನಕಲು ಮಾಡಿಕೊಳ್ಳಬೇಕು. ಈ ಪುಟದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಟಾಸ್ಕ್ ಮ್ಯಾನೇಜರಿನಲ್ಲಿ ಥಂಡರ್‌ಬರ್ಡ್ ಇಲ್ಲವೆಂದು ಖಚಿತ ಮಾಡಿಕೊಳ್ಳಿ. ಕೀಬೋರ್ಡಿನಲ್ಲಿ ವಿಂಡೋಸ್ ಚಿತ್ರವಿರುವ ಕೀಲಿಯನ್ನೂ ಆರ್ ಅಕ್ಷರವನ್ನೂ ಒಟ್ಟಿಗೆ ಒತ್ತಿ. ಒಂದು ಸಣ್ಣ ಪೆಟ್ಟಿಗೆ ಬರುತ್ತದೆ. ಅದರಲ್ಲಿ ಮೊದಲು ಶೇಕಡಾ ಚಿಹ್ನೆ, ನಂತರ ಎ, ಪಿ, ಪಿ, ಡಿ, ಎ, ಟಿ, ಎ ಎಂಬ ಏಳು ಅಕ್ಷರ, ಕೊನೆಗೆ ಮತ್ತೆ ಶೇಕಡಾ ಚಿಹ್ನೆ. ನಡುವೆ ಜಾಗ ಬಿಡಬಾರದು. ‘ಎಂಟರ್’ ಒತ್ತಿ. ತೆರೆದ ಫೋಲ್ಡರಿನಲ್ಲಿ ‘ಥಂಡರ್‌ಬರ್ಡ್’ ಎಂಬ ಹೆಸರಿನ ಫೋಲ್ಡರ್ ಹುಡುಕಿ. ಅದನ್ನು ಇಡಿಯಾಗಿ ‘ಕಾಪಿ’ ಮಾಡಿ, ಪೆನ್‌ಡ್ರೈವಿಗೋ ಹೊರಗಿನ ಹಾರ್ಡ್‌ಡಿಸ್ಕಿಗೋ ‘ಪೇಸ್ಟ್’ ಮಾಡಿ. ‘ಕಟ್’ ಮಾಡಬಾರದು, ‘ಕಾಪಿ’ ಮಾತ್ರ.

ಪೆನ್‌ಡ್ರೈವ್ ಖಾಲಿ ಇದ್ದರೂ ‘ಫೈಲ್ ತುಂಬಾ ದೊಡ್ಡದು’ ಎಂದು ಹಟ ಹಿಡಿಯಬಹುದು. ಫ್ಯಾಟ್32 ಎಂಬ ಹಳೆಯ ವಿಧಾನದಲ್ಲಿ ಸಿದ್ಧವಾದ ಪೆನ್‌ಡ್ರೈವ್ 4 ಜಿಬಿಗಿಂತ ದೊಡ್ಡದಾದ ಒಂದೇ ಫೈಲನ್ನು ತೆಗೆದುಕೊಳ್ಳುವುದಿಲ್ಲ. ವರ್ಷಾನುಗಟ್ಟಲೆ ಫೋಟೋ ಬಂದ ಇನ್‌ಬಾಕ್ಸ್ ಅಷ್ಟು ದೊಡ್ಡದಾಗಿರಬಹುದು. ಆಗ ಹೊರಗಿನ ಹಾರ್ಡ್‌ಡಿಸ್ಕ್ ಬಳಸಿ.

ನಕಲಾದ ಮೇಲೆ ಒಂದು ಪತ್ತೇದಾರಿ ಕೆಲಸ. ನಕಲು ಮಾಡಿದ ಫೋಲ್ಡರಿನಲ್ಲಿ ‘ಪ್ರೊಫೈಲ್ಸ್’, ಅದರೊಳಗೆ ಅರ್ಥವಿಲ್ಲದ ಅಕ್ಷರಗಳಿಂದ ಶುರುವಾಗುವ ಒಂದು ಫೋಲ್ಡರ್, ಅದರೊಳಗೆ ‘ಮೇಲ್’ ಎಂಬ ಫೋಲ್ಡರ್ ಇರುತ್ತದೆ. ಪಾಪ್ ಕಾಗದಗಳು ಇಲ್ಲಿರುತ್ತವೆ. ಐಮ್ಯಾಪ್ ಆದರೆ ‘ಐಮ್ಯಾಪ್‌ಮೇಲ್’ ಎಂದಿರುತ್ತದೆ. ಒಳಗೆ ‘ಸೆಂಟ್’ ಎಂಬ ಹೆಸರಿನ ಫೈಲ್ ಕಾಣಿಸಿ, ಅದರ ಗಾತ್ರ ಸೊನ್ನೆಯಲ್ಲದೆ ದೊಡ್ಡದಿದ್ದರೆ ತಾತನಿಗೆ ಕೂಗಿ ಹೇಳಿ. ಕಳುಹಿಸಿದ ಕಾಗದಗಳು ಕೂಡಿರುವುದು ಅದರಲ್ಲೇ. ಆ ನಕಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಇಂಗ್ಲಿಷ್ ಕಾಗದಗಳನ್ನು ಓದಲೂ ಬಹುದು. ಕನ್ನಡ ಕಾಗದಗಳು ಅಕ್ಷರ-ಅಂಕಿಗಳ ರಾಶಿಯಾಗಿ ಕಾಣಬಹುದು. ಅದು ಕಳುಹಿಸುವಾಗಿನ ಸಂಕೇತ, ಕಾಗದ ಕೆಟ್ಟಿಲ್ಲ. ನೋಡಿ, ‘ಸೇವ್’ ಮಾಡದೆ ಮುಚ್ಚಿ.

ಹೆಜ್ಜೆ ನಾಲ್ಕು: ಶಿಫ್ಟ್ ಹಿಡಿದು ತೆರೆಯಿರಿ

ನಕಲು ಕೈಯಲ್ಲಿದೆ, ಇನ್ನು ಧೈರ್ಯವಾಗಿ ಪ್ರಯೋಗ ಮಾಡಬಹುದು. ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದುಕೊಂಡೇ ಥಂಡರ್‌ಬರ್ಡ್ ಚಿತ್ರದ ಮೇಲೆ ಡಬಲ್ ಕ್ಲಿಕ್ ಮಾಡಿ. ‘ಟ್ರಬಲ್‌ಶೂಟ್ ಮೋಡ್’ ಎಂಬ ಪೆಟ್ಟಿಗೆ ಬರುತ್ತದೆ. ಅದರಲ್ಲಿ ಏನನ್ನೂ ಬದಲಿಸದೆ ಮುಂದುವರಿಯಿರಿ. ಈ ರೀತಿ ತೆರೆದಾಗ ಪ್ರೋಗ್ರಾಮ್ ‘ಆಡ್‌ಆನ್’ ಎಂಬ ಹೆಚ್ಚುವರಿ ಸಲಕರಣೆಗಳನ್ನು ಹೊರಗಿಟ್ಟು ಬರುತ್ತದೆ. ಹೀಗೆ ತೆರೆದರೆ ತಪ್ಪು ಹೆಚ್ಚಾಗಿ ಯಾವುದೋ ಆಡ್‌ಆನಿನದು. ಎಲ್ಲವನ್ನೂ ನಿಲ್ಲಿಸಿ, ನಂತರ ಒಂದೊಂದಾಗಿ ಚಾಲೂ ಮಾಡುತ್ತಾ ಬನ್ನಿ. ಯಾವುದನ್ನು ಹಾಕಿದಾಗ ಮತ್ತೆ ಕೆಡುತ್ತದೋ ಕಳ್ಳ ಅದೇ.

ಆಂಟಿವೈರಸ್ ಮೇಲೂ ಒಂದು ಕಣ್ಣಿರಲಿ. ಒಂದು ಕಾಗದದಲ್ಲಿ ವೈರಸ್ ಕಂಡಿತೆಂದು ಅದು ಇಡೀ ಇನ್‌ಬಾಕ್ಸ್ ಫೈಲನ್ನೇ ‘ಕ್ವಾರಂಟೈನ್’ಗೆ ಹಾಕುವುದುಂಟು. ಹಾಗಾಗಿದ್ದರೆ ಆಂಟಿವೈರಸಿನ ಆ ಪಟ್ಟಿಯಲ್ಲಿ ಹುಡುಕಿ. ಅಲ್ಲಿ ‘ಡಿಲೀಟ್’ ಒತ್ತಬೇಡಿ.

ಹೆಜ್ಜೆ ಐದು: ‘ಪ್ರೊಫೈಲ್ ಸಿಗುತ್ತಿಲ್ಲ’ ಎಂದರೆ

ಕೆಲವೊಮ್ಮೆ ಸಂದೇಶ ಹೀಗಿರುತ್ತದೆ: ನಿಮ್ಮ ಪ್ರೊಫೈಲ್ ತೆರೆಯಲಾಗುತ್ತಿಲ್ಲ, ಅದು ಕಾಣೆಯಾಗಿರಬಹುದು. ಯಾರೋ ಫೋಲ್ಡರಿನ ಹೆಸರು ಬದಲಿಸಿದ್ದರೆ, ಬೇರೆಡೆ ಸರಿಸಿದ್ದರೆ, ಅಳಿಸಿದ್ದರೆ ಹೀಗಾಗುತ್ತದೆ. ಮೊದಲು ‘ರೀಸೈಕಲ್ ಬಿನ್’ ನೋಡಿ. ಮನೆಯಲ್ಲಿ ಕಂಪ್ಯೂಟರ್ ‘ಕ್ಲೀನ್’ ಮಾಡಿದವರು ಯಾರು ಎಂದು ಕೇಳಿ. ದೊಡ್ಡವರೇ, ಮಗು ಒಪ್ಪಿಕೊಂಡರೆ ಬೈಯಬೇಡಿ. ಬೈದರೆ ಮುಂದಿನ ಸಲ ಹೇಳುವುದಿಲ್ಲ, ಹೇಳದಿದ್ದರೆ ಕಾಗದ ಸಿಗುವುದಿಲ್ಲ.

ಇನ್ನೊಮ್ಮೆ ‘ಹೊಸ ಪ್ರೊಫೈಲ್ ಮಾಡಲೇ?’ ಎಂದು ಪ್ರೋಗ್ರಾಮ್ ಕೇಳಬಹುದು. ಹೊಸ ಆವೃತ್ತಿ ಬಳಸಿದ ಪ್ರೊಫೈಲನ್ನು ಹಳೆಯ ಆವೃತ್ತಿಯಿಂದ ತೆರೆಯಲು ಹೋದರೆ ಇಂಥ ಪ್ರಶ್ನೆ ಬರುತ್ತದೆ. ಆಗ ಥಂಡರ್‌ಬರ್ಡಿನ ಸ್ವಂತ ವೆಬ್‌ಸೈಟಿನಿಂದ ಹೊಸ ಆವೃತ್ತಿ ಹಾಕಿಕೊಳ್ಳುವುದು ಸರಿಯಾದ ದಾರಿ. ಅವಸರದಲ್ಲಿ ಹೊಸ ಪ್ರೊಫೈಲ್ ಮಾಡಿಬಿಟ್ಟರೆ ಪ್ರೋಗ್ರಾಮ್ ಖಾಲಿಖಾಲಿಯಾಗಿ ತೆರೆಯುತ್ತದೆ. ತಾತನ ಎದೆ ಧಸಕ್ಕೆನ್ನುತ್ತದೆ. ಹೆದರಬೇಡಿ. ಹೊಸ ಖಾಲಿ ಬೀರು ಮುಂದೆ ಬಂದು ನಿಂತಿದೆ, ಹಳೆಯ ಬೀರು ಪಕ್ಕದ ಕೋಣೆಯಲ್ಲೇ ಇದೆ. ಯಾವ ಪ್ರೊಫೈಲ್ ತೆರೆಯಬೇಕೆಂದು ನಂತರವೂ ಆರಿಸಬಹುದು.

ಇಷ್ಟಾದರೂ ಆಗದಿದ್ದರೆ ಪ್ರೋಗ್ರಾಮನ್ನು ತೆಗೆದು ಮತ್ತೆ ಹಾಕಿ. ಅದು ಕೊನೆಯ ಹೆಜ್ಜೆ, ಮೊದಲನೆಯದಲ್ಲ.

ಬೇರೆ ಪ್ರೋಗ್ರಾಮ್ ಇದ್ದರೆ?

ನಿಮ್ಮ ಮನೆಯಲ್ಲಿ ಹಳೆಯ ಬಗೆಯ ಔಟ್‌ಲುಕ್ ಇದ್ದರೆ ಶಿಫ್ಟ್ ಬದಲು ಕಂಟ್ರೋಲ್ ಹಿಡಿದು ಅದರ ಚಿತ್ರದ ಮೇಲೆ ಒತ್ತಿ. ‘ಸೇಫ್ ಮೋಡ್’ನಲ್ಲಿ ತೆರೆಯಲೇ ಎಂದು ಕೇಳುತ್ತದೆ. ಔಟ್‌ಲುಕ್‌ನ ಪಾಪ್ ಕಾಗದಗಳು ‘ಪಿಎಸ್‌ಟಿ’ ಎಂದು ಕೊನೆಯಾಗುವ ಒಂದೇ ಫೈಲಿನಲ್ಲಿರುತ್ತವೆ. ಹೆಚ್ಚಾಗಿ ಅದು ‘ಡಾಕ್ಯುಮೆಂಟ್ಸ್’ ಒಳಗಿನ ‘ಔಟ್‌ಲುಕ್ ಫೈಲ್ಸ್’ ಫೋಲ್ಡರಿನಲ್ಲಿ ಸಿಗುತ್ತದೆ. ಮೊದಲು ಅದರ ನಕಲು. ಆ ಫೈಲ್ ಕೆಟ್ಟಿದ್ದರೆ ಸರಿಪಡಿಸಲು ‘ಸ್ಕ್ಯಾನ್‌ಪಿಎಸ್‌ಟಿ’ ಎಂಬ ಸಲಕರಣೆ ಔಟ್‌ಲುಕ್ ಜೊತೆಗೇ ಬರುತ್ತದೆ. 2002ರ ಆವೃತ್ತಿಯವರೆಗಿನ ಔಟ್‌ಲುಕ್‌ನಲ್ಲಿ ಈ ಫೈಲಿಗೆ 2 ಜಿಬಿ ಮಿತಿಯಿತ್ತು. ಅದನ್ನು ಮುಟ್ಟಿದರೆ ತೊಂದರೆ ಶುರುವಾಗುತ್ತಿತ್ತು.

ವಿಂಡೋಸ್ 10ರ ಜೊತೆ ಬಂದಿದ್ದ ‘ಮೇಲ್’ ಪ್ರೋಗ್ರಾಮಿನ ಕಥೆ ಬೇರೆ. ಮೈಕ್ರೋಸಾಫ್ಟ್ ಅದನ್ನು 2024ರ ಡಿಸೆಂಬರ್ 31ಕ್ಕೆ ನಿಲ್ಲಿಸಿತು. ಅದು ಕೆಲಸ ಮಾಡದಿದ್ದರೆ ನಿಮ್ಮ ಕಂಪ್ಯೂಟರಿನದೂ ತಪ್ಪಲ್ಲ, ನಿಮ್ಮದೂ ತಪ್ಪಲ್ಲ. ರಿಪೇರಿಗೆ ಹಣ ಕೊಡುವ ಬದಲು ಬೇರೆ ಪ್ರೋಗ್ರಾಮಿಗೆ ಹೋಗಬೇಕು.

ಫೋನ್ ನಂಬರ್ ಹುಡುಕಬೇಡಿ

ಇದು ತಾತ-ಅಜ್ಜಿಯರಿಗೆ ವಿಶೇಷ ಸೂಚನೆ. ಇಮೇಲ್ ತೆರೆಯುತ್ತಿಲ್ಲವೆಂದು ‘ಕಸ್ಟಮರ್ ಕೇರ್’ ನಂಬರನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿ ಕರೆ ಮಾಡಬೇಡಿ. ಹಾಗೆ ಕಾಣುವ ನಂಬರುಗಳಲ್ಲಿ ಮೋಸಗಾರರವೂ ಇರುತ್ತವೆ. ಅವರು ಬಹಳ ಮರ್ಯಾದೆಯಿಂದ ಮಾತನಾಡಿ, ಒಂದು ಆಪ್ ಹಾಕಿಸಿ, ನಿಮ್ಮ ಪರದೆಯನ್ನು ತಾವು ನೋಡುವಂತೆ ಮಾಡಿಕೊಂಡು, ಬ್ಯಾಂಕಿನ ಹಣಕ್ಕೆ ಕೈ ಹಾಕುತ್ತಾರೆ. ಥಂಡರ್‌ಬರ್ಡ್ ಉಚಿತ ಪ್ರೋಗ್ರಾಮ್. ಅದರ ಹೆಸರಿನಲ್ಲಿ ಯಾರಾದರೂ ಫೋನಿನಲ್ಲಿ ಹಣ, ಒಟಿಪಿ, ಪಾಸ್‌ವರ್ಡ್ ಕೇಳಿದರೆ ಕೂಡಲೇ ಇಟ್ಟುಬಿಡಿ. ಹಣ ಹೋಗಿಯೇಬಿಟ್ಟರೆ ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಗೆಂದೇ ಇರುವ ಸರ್ಕಾರದ ಸಹಾಯವಾಣಿ.

ಗೊತ್ತಿರುವ ರಿಪೇರಿಯವರಿಗೆ ಕೊಡುವುದಾದರೆ ಈ ಮಾತನ್ನು ಚೀಟಿಯಲ್ಲಿ ಬರೆದು ಕಂಪ್ಯೂಟರಿಗೆ ಅಂಟಿಸಿ: ‘ನಮ್ಮನ್ನು ಕೇಳದೆ ಫಾರ್ಮ್ಯಾಟ್ ಮಾಡಬಾರದು. ಮೊದಲು ಇಮೇಲ್ ಫೋಲ್ಡರ್ ನಕಲು ಮಾಡಿ ತೋರಿಸಬೇಕು.’ ಈಗಾಗಲೇ ಫಾರ್ಮ್ಯಾಟ್ ಆಗಿದ್ದರೆ ಆ ಡಿಸ್ಕಿಗೆ ಹೊಸದೇನನ್ನೂ ಹಾಕದೆ ನಿಲ್ಲಿಸಿ. ಬಲ್ಲವರು ಕೆಲವೊಮ್ಮೆ ಹಳೆಯ ಫೈಲುಗಳನ್ನು ಎತ್ತಿಕೊಡಬಲ್ಲರು. ಮೇಲೆ ಹೊಸದು ಬರೆದಷ್ಟೂ ಆ ಅವಕಾಶ ಕಡಿಮೆಯಾಗುತ್ತದೆ.

ತೆರೆದ ಮೇಲೆ ಅಕ್ಷರ ವಿಚಿತ್ರವಾಗಿ ಕಂಡರೆ

ಪ್ರೋಗ್ರಾಮ್ ತೆರೆಯಿತು, ಆದರೆ ಹಳೆಯ ಕನ್ನಡ ಕಾಗದಗಳಲ್ಲಿ ಇಂಗ್ಲಿಷ್ ಅಕ್ಷರ, ಚುಕ್ಕೆ, ಕೊಂಬುಗಳ ಜಾತ್ರೆ ಕಾಣುತ್ತಿದೆ ಎನ್ನಿ. ಯೂನಿಕೋಡ್ ಬಳಕೆಗೆ ಬರುವ ಮೊದಲು ನಾವು ಬರಹ, ನುಡಿ ಮುಂತಾದ ತಂತ್ರಾಂಶಗಳ ಅವರದೇ ಫಾಂಟುಗಳಲ್ಲಿ ಬರೆಯುತ್ತಿದ್ದೆವು. ಬರಹ ಮೊದಲು ಬಂದದ್ದು 1998ರಲ್ಲಿ. ನುಡಿಯನ್ನು ಸಿದ್ಧಪಡಿಸಿದ್ದು ಕನ್ನಡ ಗಣಕ ಪರಿಷತ್ತು. ಆ ಫಾಂಟ್ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಕಾಗದ ಹೀಗೆ ಕಾಣುತ್ತದೆ. ಹಳೆಯ ಫಾಂಟ್ ಹಾಕಿದರೆ, ಅಥವಾ ಯೂನಿಕೋಡಿಗೆ ಬದಲಿಸುವ ಸಲಕರಣೆ ಬಳಸಿದರೆ, ಮತ್ತೆ ಓದಬಹುದು. ಓದಲಾಗುತ್ತಿಲ್ಲವೆಂದು ಅಳಿಸಬೇಡಿ.

ಭಾರತದಲ್ಲಿ ಸಾಮಾನ್ಯ ಜನರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಅಂದರೆ ಕೆಲವು ಮನೆಗಳಲ್ಲಿ ಹೆಚ್ಚುಕಡಿಮೆ ಮೂವತ್ತು ವರ್ಷದ ಇಮೇಲುಗಳಿರಬಹುದು. ಹಿಂದೆ ಕಾಗದವನ್ನು ತಂತಿಗೆ ಪೋಣಿಸಿ ಮೊಳೆಗೆ ನೇತುಹಾಕುತ್ತಿದ್ದರು. ನೇತಾಡುವ ಕಾಗದ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಇಮೇಲ್ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಅದು ಕಳೆದದ್ದೂ ಬಹಳ ದಿನ ಯಾರಿಗೂ ಗೊತ್ತಾಗುವುದಿಲ್ಲ.

ಈ ಭಾನುವಾರದ ಮನೆಗೆಲಸ

1. ತಾತ-ಅಜ್ಜಿಯ ಇಮೇಲ್ ಪಾಪ್ ಪದ್ಧತಿಯದೋ ಐಮ್ಯಾಪ್ ಪದ್ಧತಿಯದೋ ಎಂದು ‘ಅಕೌಂಟ್ ಸೆಟ್ಟಿಂಗ್ಸ್’ನಲ್ಲಿ ನೋಡಿ ಬರೆದಿಡಿ.

2. ಪ್ರೋಗ್ರಾಮ್ ಚೆನ್ನಾಗಿ ತೆರೆಯುತ್ತಿದ್ದರೂ, ಅದನ್ನು ಮುಚ್ಚಿ, ಮೂರನೇ ಹೆಜ್ಜೆಯಲ್ಲಿ ಹೇಳಿದಂತೆ ಒಂದು ನಕಲು ಮಾಡಿ. ಫೋಲ್ಡರಿನ ಹೆಸರಿನಲ್ಲಿ ದಿನಾಂಕ ಇರಲಿ.

3. ನಕಲು ಇರುವ ಪೆನ್‌ಡ್ರೈವನ್ನು ಕಂಪ್ಯೂಟರಿನ ಪಕ್ಕದಲ್ಲಿ ಇಡಬೇಡಿ. ಮನೆಯ ಪತ್ರಗಳಿರುವ ಬೀರುವಿನಲ್ಲಿ ಇಡಿ. ಬೀರುವಿನ ಬೀಗ ಚೆನ್ನಾಗಿದೆಯೇ ಎಂದು ಅಜ್ಜಿಯನ್ನು ಕೇಳಿಕೊಳ್ಳಿ!

4. ನಕಲಾದ ಮೇಲೆ ತಾತನೋ ಅಜ್ಜಿಯೋ ಒಂದು ಹಳೆಯ ಕಾಗದವನ್ನು ಆರಿಸಿ ನಿಮಗೆ ಗಟ್ಟಿಯಾಗಿ ಓದಿ ಹೇಳಲಿ. ಉಳಿಸಿಕೊಂಡದ್ದು ಏನೆಂದು ಆಗ ನಿಮಗೇ ತಿಳಿಯುತ್ತದೆ.